ಬಡಗು ಮಾಡಿನ ಫಲಕ

೪ ನವೆಂಬರ್ ೨೦೧೨, ಭಾನುವಾರ

ಈ ಸಂಜೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ಮೂರು ದೀಪಗಳೂ ಒಮ್ಮೆಲೇ ಆರಿದವು. ಮೇ ತಿಂಗಳಿನಲ್ಲಿ ಇವೇ ದೀಪಗಳು ಹತ್ತೂವರೆಯವರೆಗೆ ಉರಿಯುತ್ತಿದ್ದವು. ಮಳೆಗಾಲದಲ್ಲಿ ಬೆಳಕು ಕಡಿಮೆಯಾದಾಗ ಮೋಡವನ್ನು ದೂರಿ ಸುಮ್ಮನಾದೆವು. ಈಗ ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಬಿಸಿಲು ಹೆಚ್ಚಿದಾಗ ಬೆಳಕು ಕುಗ್ಗಲು ಪ್ರಕೃತಿಯಲ್ಲಿ ಕಾರಣವಿಲ್ಲ. ಆದ್ದರಿಂದ ಕಾರಣವು ಮನುಷ್ಯರಲ್ಲಿರಬೇಕು. ಯಾರೆಂಬುದು ಖಚಿತವಾಗುವವರೆಗೆ ಸಾಕ್ಷ್ಯಗಳನ್ನು ಈ ಪುಸ್ತಕದಲ್ಲಿ ಬರೆದಿಡಲು ನಿರ್ಧರಿಸಿದ್ದೇನೆ.

ವಸ್ತುಸ್ಥಿತಿ ಹೀಗಿದೆ. ಹೊಳೆಯ ನಡುವಿನ ದ್ವೀಪವಾದ ನಮ್ಮ ಕುದ್ರು ಗಂಗೊಳ್ಳಿಯ ಬಂದರಿನಿಂದ ದೋಣಿಯಲ್ಲಿ ಕಾಲು ಗಂಟೆಯ ದಾರಿ. ವಿದ್ಯುತ್ ಕಂಬಗಳು ಹೊಳೆಯ ಆಚೆ ದಡದಲ್ಲೇ ನಿಂತಿವೆ. ಕಳೆದ ಮೇ ತಿಂಗಳಿನಲ್ಲಿ ನಮ್ಮ ಮನೆಗೂ ಪಕ್ಕದ ಸುಂದರಿಯಕ್ಕನ ಮನೆಗೂ ಒಂದೇ ದಿನ, ಕುಂದಾಪುರದ ಒಂದೇ ಅಂಗಡಿಯಿಂದ, ಒಂದೇ ಅಳತೆಯ ಸೌರಫಲಕಗಳು ಬಂದವು. ಕೂರಿಸಿದವನು ಅಂಗಡಿಯ ಕೆಲಸಗಾರ ರಾಜೀವ. ಐವತ್ತು ದಾಟಿದ ಮನುಷ್ಯ. ಹಿಂದೆ ಐಸ್ ಪ್ಲಾಂಟಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದವನು. ಏಳನೆಯ ತರಗತಿಯವರೆಗೆ ಓದಿದವನು.

ಅಂದಿನ ಒಂದು ಪ್ರಸಂಗವನ್ನು ದಾಖಲಿಸುವುದು ಅಗತ್ಯ. ಆತ ಫಲಕವನ್ನು ನಮ್ಮ ಹೆಂಚಿನ ಮಾಡಿನ ತೆಂಕು ಇಳಿಜಾರಿಗೆ, ಎಂದರೆ ದಕ್ಷಿಣಕ್ಕೆ, ಹಾಕಲು ಹೊರಟಿದ್ದ. "ಪ್ಲೇಟ್ ಯಾವಾಗ್ಲೂ ತೆಂಕ್ ಬದಿಗೇ ಹಾಕುದ್ ತಂಗಿ, ಅಂಗ್ಡಿಯರ್ ಹಂಗೇ ಹೇಳಿರ್" ಎಂದ. ಏಕೆಂದು ಕೇಳಿದರೆ ಉತ್ತರವಿಲ್ಲ. ನಾನು ಅಂಗಳದಲ್ಲಿ ಮೂರಡಿಯ ಕೋಲೊಂದನ್ನು ನೆಟ್ಟಗೆ ನೆಟ್ಟು, ಸರಿಯಾಗಿ ಹನ್ನೆರಡೂವರೆಗೆ ಅವನನ್ನು ಕರೆದು ತೋರಿಸಿದೆ. ನೆರಳು ನಾಲ್ಕು ಅಂಗುಲ ಉದ್ದ, ಬಿದ್ದದ್ದು ತೆಂಕಿಗೆ. ನೆರಳು ತೆಂಕಿಗೆ ಬಿದ್ದರೆ ಸೂರ್ಯ ಬಡಗಿನಲ್ಲಿದ್ದಾನೆ ಎಂದರ್ಥ. ಫಲಕ ಸೂರ್ಯನಿಗೆ ಮುಖ ಮಾಡಬೇಕೇ ಬೆನ್ನು ಮಾಡಬೇಕೇ ಎಂದು ಕೇಳಿದೆ. ಆತ ತಲೆ ಕೆರೆದುಕೊಂಡು, "ನೀವ್ ಓದ್ದವ್ರ್" ಎಂದು ಬಡಗು ಮಾಡಿಗೆ ಏಣಿ ಹಾಕಿದ. ಪದವಿಯಲ್ಲಿ ಭೌತಶಾಸ್ತ್ರ ಓದುವವಳು, ಕಾಲೇಜಿಗೆ ಮೊದಲಿಗಳು, ಇಷ್ಟನ್ನೂ ತಿಳಿಯದಿದ್ದರೆ ಹೇಗೆ? ಸುಂದರಿಯಕ್ಕನಿಗೂ ವಿವರಿಸಿದೆ. "ನಂಗೆ ನಿನ್ನ ಕೋಲ್ ಬ್ಯಾಡ ಮರಾಯ್ತಿ" ಎಂದು ಅವರು ತೆಂಕಿಗೇ ಹಾಕಿಸಿಕೊಂಡರು. ಅದು ಅವರ ಹಣೆಬರಹ.

೮ ನವೆಂಬರ್, ಗುರುವಾರ

ನಿನ್ನೆ ೮:೦೫. ಇಂದು ೭:೫೫.

ಮೊದಲ ಸಂಶಯ ಅಮ್ಮನ ಮೇಲೆ. ಮನೆಯಲ್ಲಿ ಹಗಲಿಡೀ ಇರುವವಳು ಅವಳು. ಬೋಟಿನವರ ಮೊಬೈಲುಗಳನ್ನು ಯಾರೋ ತಂದುಕೊಡುತ್ತಿರಬಹುದು, ಇವಳು ದಾಕ್ಷಿಣ್ಯಕ್ಕೆ ಚಾರ್ಜಿಗಿಡುತ್ತಿರಬಹುದು.

"ಅಮ್ಮ, ನಾನು ಕಾಲೇಜಿಗೆ ಹೋದ ಮೇಲೆ ಬ್ಯಾಟರಿಗೆ ಏನನ್ನು ಸಿಕ್ಕಿಸುತ್ತೀಯ?"

"ಎಂತ ಸಿಕ್ಸುದ್? ನನ್ನ ಮೂಗಾ?" ಎಂದಳು. "ನಿನ್ನಪ್ಪನ ಮೊಬೈಲ್ ಒಂದ್. ಅದೂ ಅವ್ರ್ ಬೋಟಿಂದ ಬಂದ್ ದಿನ."

ಮಾತನ್ನು ನಂಬುವುದು ವಿಧಾನವಲ್ಲ. ಮೂರು ದಿನ ಚಾರ್ಜರಿನ ವೈರನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ದೀಪ ಒಂದು ನಿಮಿಷವೂ ಹೆಚ್ಚು ಉರಿಯಲಿಲ್ಲ. ಆದ್ದರಿಂದ ಅಮ್ಮನನ್ನು ಸಂಶಯದಿಂದ ಮುಕ್ತಗೊಳಿಸಿದ್ದೇನೆ. ಇದನ್ನು ಅವಳಿಗೆ ತಿಳಿಸಿದಾಗ ಮೀನು ಹೆಚ್ಚುವ ಕತ್ತಿಯನ್ನು ಕೆಳಗಿಡದೆಯೇ ನನ್ನನ್ನು ದಿಟ್ಟಿಸಿದಳು.

೧೬ ನವೆಂಬರ್, ಶುಕ್ರವಾರ

ದೀಪಾವಳಿ ಮುಗಿಯಿತು. ಸೀತಜ್ಜಿ, ಎಂದರೆ ಅಪ್ಪನ ತಾಯಿ, ಮೀನು ಒಣಗಿಸುವ ಚಾಪೆಗಳನ್ನೆಲ್ಲ ಬಡಗು ಅಂಗಳದಿಂದ ಎತ್ತಿ ತೆಂಕು ಅಂಗಳಕ್ಕೆ, ನೇರವಾಗಿ ನಾನು ಓದುವ ಕಿಟಕಿಯ ಅಡಿಗೆ ತಂದು ಹಾಸಿದ್ದಾರೆ. ಉಪ್ಪು ಬಂಗುಡೆಯ ವಾಸನೆಯಲ್ಲಿ ಉಷ್ಣಬಲವಿಜ್ಞಾನ ಓದುವುದು ಸುಲಭವಲ್ಲ. ಕಾರಣ ಕೇಳಿದರೆ, "ಇಷ್ಟ್ ದಿನ ಆ ಬದಿ, ಇನ್ನ್ ಈ ಬದಿ. ಪ್ರತಿ ವರ್ಷ ಹಿಂಗೇ" ಎಂದರು. ಕಾರಣವೆಂದರೆ ಇದು ಕಾರಣವಲ್ಲ. ಬೇಲಿಯ ಈಚೆ ಕುಳಿತು ಸುಂದರಿಯಕ್ಕನೊಂದಿಗೆ ಪಟ್ಟಾಂಗ ಹೊಡೆಯಲು ಈ ಅಂಗಳವೇ ಅನುಕೂಲ ಎಂಬುದು ನನ್ನ ಊಹೆ. ನನ್ನ ಮೇ ತಿಂಗಳಿನ ಕೋಲನ್ನೂ ಕಿತ್ತು ತಂದು, ಹಳೆಯ ಬಲೆಯ ತುಂಡೊಂದನ್ನು ಕಟ್ಟಿ ಕಾಗೆ ಓಡಿಸಲು ನಿಲ್ಲಿಸಿದ್ದಾರೆ.

ಮುಖ್ಯ ವಿಷಯ ಬೇರೆಯೇ ಇದೆ. ನಮ್ಮ ದೀಪ ಇಂದು ೭:೫೦ಕ್ಕೆ ಆರಿತು. ಸುಂದರಿಯಕ್ಕನ ಮನೆಯಲ್ಲಿ ಹತ್ತು ಗಂಟೆಗೂ ಬೆಳಕಿತ್ತು. ತಪ್ಪು ದಿಕ್ಕಿಗೆ ಮುಖ ಮಾಡಿದ ಅವರ ಫಲಕ ಅಷ್ಟು ಕೊಡುವುದಾದರೆ, ಸರಿಯಾದ ದಿಕ್ಕಿಗಿರುವ ನಮ್ಮದು ಎಷ್ಟು ಕೊಡಬೇಕು! ಇಲ್ಲಿಯದು ಅಲ್ಲಿಗೆ ಹೋಗುತ್ತಿದೆ ಎಂಬುದರಲ್ಲಿ ಇನ್ನು ಸಂಶಯವಿಲ್ಲ.

೨೫ ನವೆಂಬರ್, ಭಾನುವಾರ

ಸಿಕ್ಕಿಬಿದ್ದರು.

ಮಧ್ಯಾಹ್ನ ನಾನು ದೋಣಿಯಿಂದಿಳಿದು ಬರುವಾಗ ಸುಂದರಿಯಕ್ಕ ನಮ್ಮ ಚಾವಡಿಯ ಮೂಲೆಯಲ್ಲಿ, ಬ್ಯಾಟರಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಮುಚ್ಚಳ ತೆರೆದಿತ್ತು.

"ಇಲ್ಲಿ ಏನು ಮಾಡುತ್ತಿದ್ದೀರಿ?" ಎಂದೆ.

"ನಿನ್ನ ಬ್ಯಾಟ್ರಿಗ್ ನೀರ್ ಕುಡ್ಸ್ತಿದ್ದೆ. ಪಾಪ, ಬಾಯಾರಿತ್ತ್ ಅದ್ಕೆ." ಕೈಯಲ್ಲಿ ಬ್ಯಾಟರಿಗೆ ಹಾಕುವ ನೀರಿನ ಬಾಟಲಿ ಹಿಡಿದು ತೋರಿಸಿದರು. "ನಿನ್ನಮ್ಮ ಸುಗುಣನೇ ಹೇಳದ್ದ್. ಕೇಣ್ ಬೇಕಾರೆ."

ಅಮ್ಮ ಒಳಗಿನಿಂದ ಹೌದೆಂದಳು. ಆದರೂ ನಾನು ಎರಡು ಮನೆಗಳ ನಡುವಿನ ನೆಲವನ್ನು ಬೇಲಿಯುದ್ದಕ್ಕೂ ಕೋಲಿನಿಂದ ಕೆದಕಿ ನೋಡಿದೆ. ವೈರು ಸಿಗಲಿಲ್ಲ. ಸುಂದರಿಯಕ್ಕ ತಮ್ಮ ಜಗಲಿಯಲ್ಲಿ ನಿಂತು, "ಹ್ವಾಯ್, ನಿಧಿ ಸಿಕ್ರೆ ನಂಗೂ ಅರ್ಧ ಕೊಡ್ಕ್ ಹಾಂ!" ಎಂದು ಕೂಗಿದರು. ಅಜ್ಜಿ ನಕ್ಕದ್ದು ಕೇಳಿಸಿತು.

ಆದರೆ ಈ ತನಿಖೆಯಿಂದ ಒಂದು ಲಾಭವಾಯಿತು. ರಾಜೀವ ಎಂಬವನು ಸುಂದರಿಯಕ್ಕನಿಗೆ ಸಂಬಂಧದಲ್ಲಿ ಮೈದುನ ಆಗಬೇಕೆಂದು ಅಮ್ಮನ ಬಾಯಿಂದ ತಿಳಿಯಿತು. ಅಕ್ಟೋಬರಿನಲ್ಲಿ ಆತ ಫಲಕ ಒರೆಸುವ ನೆಪದಲ್ಲಿ ನಮ್ಮ ಮಾಡು ಹತ್ತಿದ್ದ. ನಾನು ಅಂದು ಕಾಲೇಜಿನಲ್ಲಿದ್ದೆ. ಬೆಳಕು ತೀರಾ ಕುಗ್ಗಿದ್ದು ಅನಂತರವೇ. ಒಳ್ಳೆಯ ಫಲಕವನ್ನು ಬಿಚ್ಚಿ ಅಲ್ಲಿಗೆ ಸಾಗಿಸಿ, ಅಲ್ಲಿಯ ಹುಳುಕನ್ನು ಇಲ್ಲಿ ಕೂರಿಸಿದ್ದಾನೆ. ಎಲ್ಲವೂ ಹೊಂದಿಕೆಯಾಗುತ್ತದೆ.

೨ ಡಿಸೆಂಬರ್, ಭಾನುವಾರ

ಅಮ್ಮ ಹೇಳಿಕಳುಹಿಸಿದ್ದಕ್ಕೆ ರಾಜೀವ ಬಂದ. ಬ್ಯಾಟರಿ ನೋಡಿದ, ವೈರು ನೋಡಿದ, ಮಾಡು ಹತ್ತಿ ಫಲಕ ಒರೆಸಿದ. ಇಳಿದು ಬಂದು ಅಂಗಳದಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಮಾಡನ್ನೂ ಆಕಾಶವನ್ನೂ ಬಹಳ ಹೊತ್ತು ನೋಡಿದ.

"ತಂಗಿ, ಒಂದ್ ಮಾತ್ ಹೇಳ್ಲಾ? ಅವತ್ತ್ ನಾನ್ ತೆಂಕ್ ಬದಿ ಅಂದದ್ದ್..."

"ದಿಕ್ಕಿನ ವಿಚಾರ ಅಂದೇ ಇತ್ಯರ್ಥವಾಗಿದೆ" ಎಂದೆ. "ನನಗೆ ಫಲಕದ ಸಂಖ್ಯೆಯನ್ನು ತೋರಿಸಿ. ರಸೀದಿಯಲ್ಲಿರುವುದೂ ಅದೂ ಒಂದೇ ಆಗಿರಬೇಕಲ್ಲವೇ?"

"ನಂಬ್ರ್ ಅಡಿ ಬದ್ಯಂಗೆ ಇತ್ತ್. ಕಾಣ್ಕಂದ್ರೆ ಸ್ಕ್ರೂ ಬಿಚ್ಕ್. ಬಿಚ್ಚುಕೆ ಅಂಗ್ಡಿಯರನ್ನ ಕೇಣ್ಕ್."

ಅಂಗಡಿಯವರ ಅಪ್ಪಣೆಯಿಲ್ಲದೆ ಬಿಚ್ಚಬಾರದಂತೆ! ಅಪರಾಧಿಗೆ ನಿಯಮ ನೆನಪಾಗುವುದು ಇಂಥ ಗಳಿಗೆಯಲ್ಲೇ. ಆತನ ಮುಖದಲ್ಲಿ ಏನೋ ಅಡಗಿತ್ತು. ಹೇಳಬೇಕಾದುದನ್ನು ನುಂಗಿದ ಮುಖ. ಅಜ್ಜಿ ಅವನಿಗೆ ಚಹಾ ಕೊಟ್ಟು, ಹೋಗುವಾಗ ಒಣಸಿಗಡಿಯ ಪೊಟ್ಟಣ ಬೇರೆ ಕೊಟ್ಟರು. ಈ ಮನೆಯಲ್ಲಿ ನ್ಯಾಯದ ಪರವಾಗಿ ಇರುವವಳು ನಾನೊಬ್ಬಳೇ.

೪ ಡಿಸೆಂಬರ್, ಮಂಗಳವಾರ

ಅಂಗಡಿಯ ಮಾಲೀಕರಾದ ಶ್ರೀಕರ ಅವರಿಗೆ ದೂರು ಬರೆದು, ಕಾಲೇಜಿಗೆ ಹೋಗುವ ದಾರಿಯಲ್ಲಿ ಕೊಟ್ಟೆ. ನಾಲ್ಕು ಪುಟ. ಹದಿನಾಲ್ಕು ದಿನಗಳ ಸಮಯದ ಪಟ್ಟಿಯನ್ನು ಲಗತ್ತಿಸಿದ್ದೇನೆ. ಕೊನೆಯ ವಾಕ್ಯವನ್ನು ಇಲ್ಲಿ ನಕಲು ಮಾಡಿಡುತ್ತೇನೆ, ಏಕೆಂದರೆ ಅದು ಚೆನ್ನಾಗಿ ಮೂಡಿಬಂದಿದೆ: "ತಮ್ಮ ಸಂಸ್ಥೆಯ ನೌಕರನಾದ ಶ್ರೀ ರಾಜೀವ ಎಂಬವನು ಬಂಧುಪ್ರೇಮಕ್ಕೆ ವಶನಾಗಿ ನಮ್ಮ ಫಲಕವನ್ನು ಬದಲಾಯಿಸಿರುವನೆಂಬ ನಿರ್ಣಯಕ್ಕೆ ಬರದೆ ಅನ್ಯ ಮಾರ್ಗವಿಲ್ಲದಂತೆ ಮೇಲ್ಕಂಡ ಸಾಕ್ಷ್ಯಗಳು ನನ್ನನ್ನು ನಿರ್ಬಂಧಿಸುತ್ತಿವೆ."

೧೧ ಡಿಸೆಂಬರ್, ಮಂಗಳವಾರ

ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಹೋದೆ. ಶ್ರೀಕರ ಅವರು ಕೋಟದ ಕಡೆಯವರು, ಮಿತಭಾಷಿ. ನನ್ನ ಕಾಗದವನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು.

"ಇಂಥ ಕಾಗದ ನಮ್ಮಂಗಡಿಗೆ ಬಂದದ್ದೇ ಇಲ್ಲ" ಎಂದರು. "ರಾಜೀವನಿಗೆ ಸದ್ಯ ಬರುದ್ ಬೇಡ ಅಂದಿದ್ದೆ. ಇಪ್ಪತ್ತೆರಡಕ್ಕೆ ನಾನೇ ಬಂದು ಪ್ಲೇಟ್ ಬಿಚ್ಚಿಸ್ತೆ. ತಪ್ಪು ಅವನದ್ದು ಅಂತಾದ್ರೆ ಮತ್ತೆ ಇಟ್ಕಂಬ ಪ್ರಶ್ನೆ ಇಲ್ಲ."

ಬಸ್ಸಿನಲ್ಲಿ ತ್ರಾಸಿ ಸುತ್ತಿ ಗಂಗೊಳ್ಳಿಗೆ ಬರುವವರೆಗೂ ಮನಸ್ಸು ಹಗುರವಾಗಿತ್ತು. ಕುದ್ರುವಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಸುಂದರಿಯಕ್ಕ ಬೇಲಿಯ ಹತ್ತಿರವೇ ಕಾಯುತ್ತಿದ್ದರು.

"ಹ್ವಾಯ್ ಫಸ್ಟ್ ಕ್ಲಾಸ್! ಸಮಾಧಾನ ಆಯ್ತಾ? ಐಸ್ ಪ್ಲಾಂಟ್ ಮುಚ್ಚಿದ್ ಮೇಲ್ ಮೂರ್ ವರ್ಷ ಕೆಲ್ಸ ಇಲ್ದೆ ತಿರ್ಗಿದ ಆ ಮನ್ಷ. ಐವತ್ತೆರಡ್ ಆಯ್ತ್. ಇನ್ನ್ ಯಾರ್ ಕೆಲ್ಸ ಕೊಡ್ತ್ರ್ ಅವ್ನಿಗೆ? ನೀನ್ ಕೊಡ್ತ್ಯಾ?"

ತಪ್ಪಿತಸ್ಥರ ವಯಸ್ಸನ್ನು ನೋಡಿ ತಪ್ಪನ್ನು ಅಳೆಯಲಾಗದು ಎಂದೆ. ಉತ್ತರ ಸರಿಯಾಗಿಯೇ ಇತ್ತು. ಊಟ ಸೇರಲಿಲ್ಲ; ಬಂಗುಡೆಯ ವಾಸನೆ.

೧೬ ಡಿಸೆಂಬರ್, ಭಾನುವಾರ

ಅಜ್ಜಿಗೆ ಮಂಡಿನೋವು. ಮೀನು ಮಗುಚಿ ಹಾಕಲು ಅಮ್ಮ ನನ್ನನ್ನು ಕಳುಹಿಸಿದಳು. ವಾಸನೆ ತಪ್ಪಲೆಂದು ಬೆಳಿಗ್ಗೆಯೇ ಎರಡು ಚಾಪೆಗಳನ್ನು ಮೀನಿನ ಸಮೇತ ಎಳೆದು ಬಡಗು ಅಂಗಳಕ್ಕೆ ಒಯ್ದೆ. ಅಜ್ಜಿಗೆ ಹೇಳಲಿಲ್ಲ.

ಹನ್ನೆರಡರ ಸುಮಾರಿಗೆ ಅವರು ಗೋಡೆ ಹಿಡಿದುಕೊಂಡು ಬಂದು ನೋಡಿದರು.

"ಏ ಹೆಣ್ಣೇ! ಮೀನ್ ಕೊಳ್ಸುಕ್ ಇಲ್ಲಿ ತಂದ್ ಇಟ್ಟಿದ್ಯಾ? ಮುಟ್ಟ್ ಕಾಣ್, ಇನ್ನೂ ಪಸೆ ಇತ್ತ್. ಚಳಿಗಾಲಕ್ಕೆ ಬಡ್ಗ್ ಬದಿಗೆ ಬಿಸ್ಲ್ ಎಲ್ಲಿತ್ತ್? ಮನಿ ನೆಳ್ಳೇ ಬಿದ್ಕಂಡಿರತ್ತ್. ಬೇಸ್ಗಿಗೆ ಈ ಬದಿ, ಚಳಿಗೆ ಆ ಬದಿ. ನಾನ್ ಮದುವಿ ಆಯ್ ಬಂದಲ್ಲಿಂದ ಹಂಗೇ. ಎಂತ ಓದ್ತ್ಯಾ ಕಾಣೆ ನೀನ್!"

ಮುಟ್ಟಿ ನೋಡಿದೆ. ಗೋಡೆಯ ಕಡೆಯ ಮೀನು ತಣ್ಣಗಿತ್ತು. ತಲೆಯೆತ್ತಿ ನೋಡಿದೆ. ಬಡಗು ಮಾಡಿನ ಹೆಂಚುಗಳ ಮೇಲೆ ಬಿಸಿಲು ನೇರವಾಗಿ ಬಿದ್ದಿರಲಿಲ್ಲ. ಮೇಲಿನಿಂದ ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ಫಲಕದ ಗಾಜಿನಲ್ಲಿ ಹೊಳಪಿರಲಿಲ್ಲ.

ಕೋಲಿನಿಂದ ಬಲೆ ಬಿಚ್ಚಿದೆ. ನೆಟ್ಟೆ. ಹನ್ನೆರಡೂವರೆಗೆ ಅಳೆದೆ.

ನೆರಳು ಇಪ್ಪತ್ತೇಳು ಅಂಗುಲ. ಬಡಗಿಗೆ.

ಉತ್ತರಾಯಣ, ದಕ್ಷಿಣಾಯನ ಎಂಬುದನ್ನು ನಾನು ಐದನೆಯ ತರಗತಿಯಲ್ಲಿ ಕಲಿತಿದ್ದೇನೆ. ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದಿದ್ದೇನೆ. ಪೂರ್ಣ ಅಂಕ ಬಂದಿತ್ತು.

ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಮೇ ತಿಂಗಳಿನ ಆ ಒಂದು ಮಧ್ಯಾಹ್ನಕ್ಕೆ ಅದು ಸರಿ.

೧೭ ಡಿಸೆಂಬರ್, ಸೋಮವಾರ

೭:೩೦. ಬರೆಯುವಂಥದ್ದು ಏನೂ ಇಲ್ಲ.

೧೯ ಡಿಸೆಂಬರ್, ಬುಧವಾರ

ಒಂದು ಸಾಧ್ಯತೆಯನ್ನು ಮರೆಯಬಾರದು. ದಿಕ್ಕು ತಪ್ಪಾಗಿದ್ದರೂ ಫಲಕವನ್ನು ಬದಲಾಯಿಸಿರಬಹುದು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಶನಿವಾರ ಸಂಖ್ಯೆ ಬೇರೆಯೆಂದು ಕಂಡುಬಂದರೆ ನನ್ನ ಕಾಗದ ಸರಿಯೇ ಆಗುತ್ತದೆ. ಕೋಲಿನ ಮಾತೂ ಎದ್ದುಬರುವುದಿಲ್ಲ.

ಆತ ಕಳ್ಳನಾಗಿರಲಿ ಎಂದು ನಾನು ಹಾರೈಸುತ್ತಿದ್ದೇನೆಯೇ?

ಮೇಲಿನ ವಾಕ್ಯವನ್ನು ಹೊಡೆದುಹಾಕಬೇಕು.

೨೨ ಡಿಸೆಂಬರ್, ಶನಿವಾರ

ಹನ್ನೊಂದಕ್ಕೆ ದೋಣಿ ಬಂತು. ಶ್ರೀಕರ ಅವರು ಪ್ಯಾಂಟು ಮಡಚಿ ನೀರಿಗಿಳಿದರು; ಹಿಂದೆ ಟೂಲ್ಸಿನ ಚೀಲ ಹೊತ್ತುಕೊಂಡು ರಾಜೀವ. ಹೊತ್ತವರ ಮೈಮೇಲೆ ಹಳೆಯ ಗೆರೆ ಅಂಗಿ. ಯಾವಾಗಲೂ ಹಾಕುವ, ಅಂಗಡಿಯ ಹೆಸರಿರುವ ನೀಲಿ ಅಂಗಿ ಇರಲಿಲ್ಲ.

ಫಲಕವನ್ನು ಬಿಚ್ಚಿ ಇಳಿಸಿದರು. ಶ್ರೀಕರ ಅವರು ಕನ್ನಡಕ ಹಾಕಿಕೊಂಡು ಅಡಿಭಾಗದ ಚೀಟಿಯನ್ನು ಒಂದೊಂದೇ ಅಂಕೆಯಾಗಿ ಓದಿದರು. ನಾನು ರಸೀದಿ ಹಿಡಿದು ನಿಂತಿದ್ದೆ. ಹನ್ನೊಂದು ಅಂಕೆಗಳು. ಹನ್ನೊಂದೂ ಅದೇ.

"ನಂಬ್ರ ಸಮ ಇತ್ತ್" ಎಂದು ಶ್ರೀಕರ ಅವರು ತಲೆಯೆತ್ತಿದರು. ಆಮೇಲೆ ನಮ್ಮ ಮಾಡನ್ನು ನೋಡಿದರು. ಸುಂದರಿಯಕ್ಕನ ಮಾಡನ್ನು ನೋಡಿದರು. "ಅಲ್ಲ ರಾಜೀವ, ಇದನ್ನ ಬಡಗು ಬದಿಗೆ ಹಾಕದ್ ಎಂತಕೆ? ಚಳಿಗಾಲಕ್ಕೆ ಬಿಸ್ಲೇ ಸಿಕ್ಕುದಿಲ್ಯಲ್ಲ. ಆಚೆ ಮನೇದ್ ಸಮ ಹಾಕಿದ್ಯಲ್ಲ?"

ರಾಜೀವಣ್ಣ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟು ಬಟ್ಟೆಯಿಂದ ಒರೆಸುತ್ತಿದ್ದರು. ತಲೆಯೆತ್ತಲಿಲ್ಲ.

"ನಂದೇ ತಪ್ಪ್. ಅವತ್ತ್ ಗೊತ್ತಾಯ್ಲಿಲ್ಲ."

"ತೆಂಕ್ ತೆಂಕ್ ಅಂತ ಎಷ್ಟ್ ಸಲ ಹೇಳಿದ್ದೆ? ಹೇಳಿದ್ದ್ ಕೇಣ್ದಿದ್ರೆ ನಾನೆಂತ ಮಾಡ್ಲಿ? ಆಯ್ತ್, ಸೋಮವಾರ ಬಂದ್ ಟೂಲ್ಸ್ ಕೊಟ್ಟ್ ಲೆಕ್ಕ ಮುಗ್ಸ್ಕಂಡ್ ಹೋಗ್."

"ಅಡ್ಡಿಲ್ಲ" ಎಂದರು ರಾಜೀವಣ್ಣ.

ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ಅಮ್ಮ ಬಾಗಿಲಲ್ಲಿದ್ದಳು, ಅಜ್ಜಿ ಚಾಪೆಯ ಪಕ್ಕದಲ್ಲಿ. ಸುಂದರಿಯಕ್ಕ ಬೇಲಿಯ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಮೇ ತಿಂಗಳಿನಲ್ಲಿ ಇವರೆಲ್ಲರೂ ಇದೇ ಅಂಗಳದಲ್ಲಿ ಇದ್ದರು. ಒಂದು ಮಾತು ಸಾಕಿತ್ತು. ಸುಂದರಿಯಕ್ಕ ನನ್ನನ್ನು ನೋಡಿದರು, ಬಾಯಿ ಬಿಡಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

ರಾಜೀವಣ್ಣ ಚೀಲದ ಬಾಯಿ ಕಟ್ಟತೊಡಗಿದರು.

"ಅವ್ರದ್ದಲ್ಲ, ನಂದ್" ಎಂದೆ. "ಬಡ್ಗ್ ಬದಿಗ್ ಹಾಕಿ ಅಂದದ್ದ್ ನಾನ್. ಅವ್ರ್ ತೆಂಕ್ ಅಂದಿರ್. ನಾನ್ ಕೇಣ್ಲಿಲ್ಲ. ಕೋಲ್ ನೆಟ್ಟ್ ತೋರ್ಸಿ ಬಾಯಿ ಮುಚ್ಚಿಸ್ದೆ. ಮೊನ್ನೆನೂ ಹೇಳುಕ್ ಬಂದಿರ್, ಬಿಡ್ಲಿಲ್ಲ."

ಶ್ರೀಕರ ಅವರು ಕನ್ನಡಕ ತೆಗೆದು ಜೇಬಿಗಿಟ್ಟರು.

"ನಿಮ್ಮ ಕಾಗದದಲ್ಲಿ ಇದ್ ಇಲ್ಲ" ಎಂದರು.

"ಇಲ್ಲ."

"ದೂರನ್ನ ಕಾಗದದಲ್ಲಿ ಕೊಟ್ರಿ. ಇದನ್ನೂ ಕಾಗದದಲ್ಲೇ ಕೊಡಿ. ಮತ್ತೆ ಕಾಂಬ."

ತೆಂಕು ಮಾಡಿಗೆ ಉದ್ದದ ವೈರು ಬೇಕಂತೆ. ಸದ್ಯಕ್ಕೆ ಪ್ಲೇಟನ್ನು ಮೊದಲಿನ ಜಾಗಕ್ಕೇ ಹತ್ತಿಸಿದರು. ಏಣಿಯನ್ನು ನಾನು ಹಿಡಿದುಕೊಂಡೆ.

೨೩ ಡಿಸೆಂಬರ್, ಭಾನುವಾರ

ನಾಲ್ಕು ಸಲ ಬರೆದೆ. ಮೊದಲಿನ ಮೂರು ಉದ್ದವಾದವು. ಮೂರರಲ್ಲೂ ಸೂರ್ಯನ ಚಲನೆಯ ವಿವರಣೆ ಬಂದುಬಿಟ್ಟಿತ್ತು. ನಾಲ್ಕನೆಯದು ಇದು:

"ಶ್ರೀಕರ ಅವರಿಗೆ,
ಪ್ಲೇಟನ್ನು ಬಡಗು ಮಾಡಿಗೆ ಹಾಕಲು ಹೇಳಿದ್ದು ನಾನು. ರಾಜೀವಣ್ಣ ತೆಂಕಿಗೆ ಹಾಕಬೇಕೆಂದು ಹೇಳಿದ್ದರು. ನಾನು ಕೇಳಲಿಲ್ಲ. ಅವರು ಏನನ್ನೂ ಕದ್ದಿಲ್ಲ, ಬದಲಾಯಿಸಿಲ್ಲ. ಡಿಸೆಂಬರ್ ನಾಲ್ಕರ ಕಾಗದದಲ್ಲಿ ಅವರ ಬಗ್ಗೆ ನಾನು ಬರೆದದ್ದು ಸುಳ್ಳು. ಅದನ್ನು ಹರಿದುಹಾಕಿ ಇದನ್ನು ಗಾಜಿನಡಿ ಇಡಬೇಕಾಗಿ ಕೇಳಿಕೊಳ್ಳುತ್ತೇನೆ.
ಪೂಜಿತಾ"

ಅಜ್ಜಿ ಓದಿಸಿಕೊಂಡರು. "ಇಷ್ಟೇಯಾ? ಮೊದ್ಲಿಂದ್ ನಾಲ್ಕ್ ಪುಟ ಇತ್ತಲೆ?" ಎಂದರು.

೬ ಜನವರಿ ೨೦೧೩, ಭಾನುವಾರ

ರಾಜೀವಣ್ಣ ಬಂದರು. ನೀಲಿ ಅಂಗಿಯಲ್ಲಿ. ದಡದಲ್ಲೇ ನೋಡಿದೆ, ಓಡಿಹೋಗಿ ವೈರಿನ ಸುರುಳಿ ಇಸಿದುಕೊಂಡೆ. ಏನು ಹೇಳಬೇಕೆಂದು ಎರಡು ವಾರದಿಂದ ಸಿದ್ಧಮಾಡಿಕೊಂಡಿದ್ದೆ. ನಾಲ್ಕು ಶಬ್ದ ಹೇಳುವಷ್ಟರಲ್ಲಿ ಅವರೇ ತಡೆದರು.

"ಬಿಡಿ ತಂಗಿ. ಅವತ್ತ್ ನೀವ್ ಹೇಳದ್ದ್ ನಂಗೂ ಸಮ ಕಂಡಿತ್. ಹಾಕದ್ದ್ ನನ್ನ ಕೈ ಅಲ್ದಾ?"

ಪ್ಲೇಟು ತೆಂಕು ಮಾಡಿಗೆ ಏರಿತು. ಸ್ಕ್ರೂ ಬಿಗಿಮಾಡುವ ಮೊದಲು ಮೇಲಿನಿಂದಲೇ ಕೂಗಿದರು: "ಹ್ವಾಯ್, ನಿಮ್ಮ ಕೋಲ್ ಎಲ್ಲಿತ್ತ್? ಒಂದ್ ಸಲ ನೆಟ್ಟ್ ಕಾಂಬ ಅಲ್ದಾ?" ನಗುತ್ತಿದ್ದರೋ ಏನೋ, ಬಿಸಿಲಿಗೆ ಮುಖ ಕಾಣಲಿಲ್ಲ. ನೆಟ್ಟೆ. ನೆರಳು ಬಡಗಿಗೆ ಬಿತ್ತು. ಇಬ್ಬರೂ ನೋಡಿದೆವು.

"ಮೇ ತಿಂಗ್ಳಗೆ ಎಂತ ಮಾಡುದ್ ರಾಜೀವಣ್ಣ?" ಎಂದು ಕೇಳಿದೆ. "ಆಗ ಸೂರ್ಯ ಬಡ್ಗಿಗೆ ಬತ್ತ್ ಅಲ್ದಾ?"

"ಮೇ ತಿಂಗ್ಳಗೆ ನೆತ್ತಿ ಮೇಲೇ ಇರತ್ತ್, ಎಲ್ಲ್ ಇಟ್ರೂ ಒಂಚೂರ್ ಆಚೆ ಈಚೆ. ಕಷ್ಟ ಚಳಿಗಾಲದ್ದೇ. ವರ್ಷ ಇಡೀದ್ದ್ ಕಾಣ್ಬೇಕಲ್ದಾ ತಂಗಿ."

ಮೇ ತಿಂಗಳಿನಲ್ಲೂ ಇದನ್ನೇ ಹೇಳುತ್ತಿದ್ದರೇನೋ, ನಾನು ಉತ್ತರಕ್ಕೆ ಕಾದಿದ್ದರೆ. ಅಜ್ಜಿ ಕೋಲಿಗೆ ಮತ್ತೆ ಬಲೆ ಕಟ್ಟಿದರು. ಒಣಸಿಗಡಿಯ ಪೊಟ್ಟಣವನ್ನು ಈ ಸಲ ನಾನು ಕಟ್ಟಿಕೊಟ್ಟೆ.

ದೀಪ ೯:೫೦ರವರೆಗೆ ಉರಿಯಿತು. ಸುಂದರಿಯಕ್ಕನ ಮನೆಯದ್ದು ೧೦:೧೦. ಇಪ್ಪತ್ತು ನಿಮಿಷದ ವ್ಯತ್ಯಾಸ. ಕಾರಣ ಏನಿರಬಹುದೆಂದು ನಾಳೆ ಬೆಳಿಗ್ಗೆ ಸುಂದರಿಯಕ್ಕನನ್ನೇ ಕೇಳುತ್ತೇನೆ.